ಆಕ್ಷನ್, ಅನಿಮೇಷನ್ ಸಿನಿಮಾ: ಬೆಂಗಳೂರಿನ ಪ್ರೇಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈಚೆಗೆ ಬಂದ ಹೊಡೆದಾಟದ ಸಿನಿಮಾ, ಅನಿಮೇಷನ್ ಸಿನಿಮಾಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಅಭಿಪ್ರಾಯ ಒಪ್ಪದಿದ್ದರೆ ಧಾರಾಳವಾಗಿ ಜಗಳ ಆಡಿ. ಸೀಟು, ಟಿವಿ ಸೆಟ್ಟಿಂಗ್ ವಿಷಯದಲ್ಲಿ ಮಾತ್ರ ಒಂದು ಸಲ ಹೇಳಿದ ಹಾಗೆ ಮಾಡಿ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಎಲ್ಲಾ ಫೈಟೂ ಒಂದೇ ಥರ ಕಾಣುತ್ತೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಏನು ನೋಡಿ ಹೇಳ್ತೀರಿ?

ಸುಲಭದ ಪರೀಕ್ಷೆ ಒಂದಿದೆ. ಫೈಟ್ ಮುಗಿದ ಕೂಡಲೇ ಮನಸ್ಸಿನಲ್ಲೇ ಕೇಳಿಕೊಳ್ಳಿ: ಬಾಗಿಲು ಯಾವ ಕಡೆ ಇತ್ತು? ಹೀರೊ ಎಲ್ಲಿಂದ ಒಳಗೆ ಬಂದ? ಕೊನೆಯವನು ಬಿದ್ದಿದ್ದು ಎಲ್ಲಿ? ಉತ್ತರ ತಟ್ಟನೆ ಹೊಳೆದರೆ ಫೈಟ್ ಮಾಸ್ಟರ್, ಛಾಯಾಗ್ರಾಹಕ, ಸಂಕಲನಕಾರ ಮೂವರೂ ಒಂದೇ ನಕ್ಷೆ ಇಟ್ಟುಕೊಂಡು ಕೆಲಸ ಮಾಡಿದ್ದಾರೆ ಅಂತ ಅರ್ಥ. ಬರೀ ಸದ್ದು, ಧೂಳು, ಮುರಿದ ಗಾಜು ಮಾತ್ರ ನೆನಪಿದ್ದರೆ ಕತ್ತರಿ ಹಾಕಿ ಏನನ್ನೋ ಮುಚ್ಚಿಟ್ಟಿದ್ದಾರೆ.

ಎರಡನೆಯದು, ಕತ್ತರಿ ಬೀಳುವ ಜಾಗ. ಕೈ ಬೀಸುವುದು ಒಂದು ಶಾಟ್, ಬೀಳುವವನ ಮುಖ ಇನ್ನೊಂದು ಶಾಟ್, ಏಟು ತಗಲಿದ ಕ್ಷಣ ಎರಡರಲ್ಲೂ ಇಲ್ಲ. ನಟನಿಗೆ ಫೈಟ್ ಬರುವುದಿಲ್ಲ, ಅಥವಾ ರಿಹರ್ಸಲ್‌ಗೆ ಸಮಯ ಸಿಕ್ಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಂಗ್‌ಕಾಂಗ್‌ನವರು ಇದನ್ನು ತಿರುಗಿಸಿ ಮಾಡುತ್ತಿದ್ದರು. ಏಟು ತಗಲುವುದನ್ನು ದೂರದ ಶಾಟ್‌ನಲ್ಲಿ ಪೂರ್ತಿ ತೋರಿಸಿ, ಹತ್ತಿರದ ಶಾಟ್‌ಗೆ ಹೋದಾಗ ಅದೇ ಏಟಿನ ಎರಡು ಮೂರು ಫ್ರೇಮ್ (ಸಿನಿಮಾದ ಬಿಡಿ ಬಿಡಿ ಚಿತ್ರ) ಇನ್ನೊಮ್ಮೆ ಬರುವಂತೆ ಜೋಡಿಸುವುದು. ಕಣ್ಣಿಗೆ ಅದು ಎರಡು ಸಲ ಆದದ್ದು ಗೊತ್ತಾಗುವುದಿಲ್ಲ, ಏಟು ಮಾತ್ರ ಎರಡರಷ್ಟು ಜೋರಾಗಿ ಬಿದ್ದ ಹಾಗಿರುತ್ತೆ.

ಹಾಗಂತ ವೇಗದ ಸಂಕಲನವೇ ತಪ್ಪು ಅಂತಲ್ಲ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಕಟ್‌ಗಳು ಮಳೆ ಸುರಿದಂತೆ ಸುರಿಯುತ್ತವೆ, ಆದರೂ ಕಣ್ಣು ಸೋಲುವುದಿಲ್ಲ. ನೋಡಬೇಕಾದ ವಸ್ತುವನ್ನು ಪ್ರತಿ ಶಾಟ್‌ನಲ್ಲೂ ಚೌಕಟ್ಟಿನ ನಡುಮಧ್ಯಕ್ಕೇ ತಂದು ಇಟ್ಟಿದ್ದಾರೆ, ಕಣ್ಣು ಅಲೆಯುವ ಪ್ರಮೇಯವೇ ಬರುವುದಿಲ್ಲ. ನಮ್ಮ ಮಾಸ್ ಸಿನಿಮಾಗಳು ಈ ವೇಗವನ್ನು ಕಲಿತವು, ನಡುಮಧ್ಯದ ಲೆಕ್ಕವನ್ನು ಕಲಿಯಲಿಲ್ಲ.

ಇತ್ತೀಚಿನವುಗಳಲ್ಲಿ ಫೈಟ್‌ಗೋಸ್ಕರವೇ ನೋಡಬೇಕಾದ್ದು ಯಾವುದು?

ಎರಡು ಹೆಸರು ಹೇಳುತ್ತೇವೆ. ಮೊದಲನೆಯದು 2023ರ ‘ಜಾನ್ ವಿಕ್: ಚಾಪ್ಟರ್ 4’. 169 ನಿಮಿಷ, ಕನಿಷ್ಠ 20 ನಿಮಿಷ ಜಾಸ್ತಿ ಅಂತಲೇ ನಮ್ಮ ಅನಿಸಿಕೆ. ಆದರೆ ಕ್ಯಾಮೆರಾ ಮೇಲಕ್ಕೆ ಹೋಗಿ, ಕಟ್ಟಡದ ಸೂರು ತೆಗೆದಿಟ್ಟಂತೆ ಕೋಣೆಯಿಂದ ಕೋಣೆಗೆ ಜರುಗುತ್ತಾ ಬಂದೂಕಿನ ಕಾಳಗ ತೋರಿಸುವ ಒಂದು ದೀರ್ಘ ಶಾಟ್ ಇದೆ. ನಕ್ಷೆಯ ಮೇಲೆ ಚೌಕಾಬಾರ ಆಡಿದ ಹಾಗೆ: ಯಾರು ಯಾವ ಮನೆಯಲ್ಲಿದ್ದಾರೆ, ಮುಂದೆ ಯಾರಿಗೆ ಯಾರು ಎದುರಾಗುತ್ತಾರೆ ಅಂತ ಹೀರೊಗಿಂತ ಮೊದಲೇ ನಮಗೆ ಕಾಣುತ್ತೆ. ನಿರ್ದೇಶಕ ಚಾಡ್ ಸ್ಟಹೆಲ್ಸ್‌ಕಿ ಮೂಲತಃ ಸ್ಟಂಟ್‌ಮನ್. ಕ್ಯಾಮೆರಾ ಎಲ್ಲಿಟ್ಟರೆ ಪೆಟ್ಟು ಸುಳ್ಳಾಗಿ ಕಾಣುತ್ತೆ ಅನ್ನುವುದು ಅವರಿಗೆ ಮೈಯಲ್ಲೇ ಗೊತ್ತು.

ಎರಡನೆಯದು 2024ರ ಹಿಂದಿ ಸಿನಿಮಾ ‘ಕಿಲ್’. ನಡೆಯುವುದೆಲ್ಲ ಒಂದು ರೈಲಿನೊಳಗೆ. ಬೋಗಿಯ ನಡುವಿನ ದಾರಿಯಲ್ಲಿ ಇಬ್ಬರು ಪಕ್ಕಪಕ್ಕ ನಿಲ್ಲುವುದೇ ಕಷ್ಟ, ಹಾಗಾಗಿ ಕೈ ಬೀಸಿ ಹೊಡೆಯುವ, ಹಾರಿ ಒದೆಯುವ ಹಳೇ ಪಟ್ಟುಗಳೆಲ್ಲ ಇಲ್ಲಿ ನಡೆಯುವುದಿಲ್ಲ. ಮೊಣಕೈ, ಮೊಣಕಾಲು, ಬರ್ತಿನ ಸರಪಳಿ, ಬೆಂಕಿ ಆರಿಸುವ ಸಿಲಿಂಡರ್ — ಕೈಗೆ ಸಿಕ್ಕಿದ್ದೇ ಆಯುಧ. ಜಾಗ ಇಕ್ಕಟ್ಟಾದಷ್ಟೂ ಫೈಟ್ ಚುರುಕು. ಸಿನಿಮಾದ ಹೆಸರು ತೆರೆಯ ಮೇಲೆ ಬರುವುದೇ ಅರ್ಧದ ಹತ್ತಿರ, ಅಲ್ಲಿಂದ ಮುಂದೆ ಹೀರೊ ಬೇರೆಯೇ ಮನುಷ್ಯ. ‘ಎ’ ಸರ್ಟಿಫಿಕೇಟ್ ಇದೆ, ರಕ್ತ ನೋಡಲಾಗದವರು ದೂರ ಇರಿ.

ಕೆಲವು ಫೈಟ್‌ನಲ್ಲಿ ಏಟಿಗೆ ತೂಕವೇ ಇಲ್ಲ ಅನ್ಸುತ್ತೆ. ಯಾಕೆ?

ಬಹಳಷ್ಟು ಸಲ ರೋಪ್ ಕಾರಣ, ಅಂದರೆ ಏಟು ತಿಂದವನು ಹಾರಿಬಿದ್ದಂತೆ ತೋರಿಸಲು ಕಟ್ಟಿ ಎಳೆಯುವ ಹಗ್ಗ. ಮೇಲಿಂದ ಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತೆ, ವೇಗ ಕ್ಷಣಕ್ಷಣಕ್ಕೂ ಏರುತ್ತಾ ಹೋಗುತ್ತೆ. ರೋಪ್ ಕಟ್ಟಿ ಎಳೆದವನು ಮಾತ್ರ ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಜಾರುತ್ತಾನೆ. ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿರುವುದರಿಂದ ಸೊಂಟ ಮೊದಲು ಹಿಂದಕ್ಕೆ ಹೋಗುತ್ತೆ, ಏಟು ಬಿದ್ದದ್ದು ದವಡೆಗೆ! ಇದನ್ನು ಒಂದು ಸಲ ಗಮನಿಸಿದಿರೋ ಮುಗೀತು, ಆಮೇಲೆ ಪ್ರತಿ ಸಿನಿಮಾದಲ್ಲೂ ಕಣ್ಣಿಗೆ ಹೊಡೆಯುತ್ತೆ.

ಇನ್ನೊಂದು ಫ್ರೇಮ್‌ಗಳ ಲೆಕ್ಕ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. 22ರಲ್ಲಿ ಚಿತ್ರೀಕರಿಸಿ 24ರಲ್ಲಿ ಓಡಿಸಿದರೆ ಎಲ್ಲವೂ ಶೇ 9ರಷ್ಟು ಚುರುಕಾಗಿ ಕಾಣುತ್ತೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೂ ಕಡಿಮೆ ಮಾಡಿ 18ಕ್ಕೆ ಇಳಿಸಿದರೆ ಹಳೇ ಮೂಕಿ ಚಿತ್ರದ ಕುಣಿತ ಬಂದುಬಿಡುತ್ತೆ. ಉಲ್ಟಾ, 120ರಲ್ಲಿ ತೆಗೆದದ್ದು ಐದು ಪಟ್ಟು ನಿಧಾನ. ಹೀರೊ ಎಂಟ್ರಿಗೆ ಒಂದು ಸಲ ಸ್ಲೋ ಮೋಷನ್ ಬಂದರೆ ಶಿಳ್ಳೆ ಬೀಳುತ್ತೆ. ಹತ್ತು ನಿಮಿಷದ ಫೈಟ್‌ನಲ್ಲಿ ಏಳು ನಿಮಿಷ ಅದೇ ಆದರೆ ಜನ ಫೋನ್ ತೆಗೆಯುತ್ತಾರೆ.

ಸದ್ದನ್ನೂ ಮರೆಯಬೇಡಿ. ಪ್ರತಿ ಗುದ್ದಿಗೂ ಅದೇ ‘ಢಂ’ ಹಾಕಿ, ಅದರ ಮೇಲೆ ಹಿನ್ನೆಲೆ ಸಂಗೀತವನ್ನೂ ಗರಿಷ್ಠಕ್ಕೆ ಏರಿಸಿದರೆ ಕಿವಿಗೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ದೊಡ್ಡ ಏಟಿಗೆ ಮುಂಚೆ ಅರ್ಧ ಸೆಕೆಂಡ್ ಮೌನ ಬೇಕು. ಚೆಂಡೆಯವರಿಗೆ ಇದು ಯಾವತ್ತಿನಿಂದಲೂ ಗೊತ್ತು.

ಕೆಜಿಎಫ್ ಆದ ಮೇಲೆ ಕನ್ನಡದ ಆಕ್ಷನ್ ಸಿನಿಮಾಗಳೆಲ್ಲ ಮಸಿ ಬಳಿದ ಹಾಗೆ ಯಾಕಿವೆ?

ಗೆದ್ದದ್ದನ್ನು ನಕಲು ಮಾಡಿದ್ದರಿಂದ. 2018 ಮತ್ತು 2022ರ ಎರಡು ಭಾಗಗಳಲ್ಲಿ ಆ ಕಪ್ಪಿಗೆ ಕಾರಣ ಇತ್ತು. ಕಥೆ ನಡೆಯುವುದು ಚಿನ್ನದ ಗಣಿಯಲ್ಲಿ. ಮಸಿ, ಧೂಳು, ಬೆವರು ಅಲ್ಲಿನ ಹವಾಮಾನ. ಅದಕ್ಕೆ ಭುವನ್ ಗೌಡ ಅವರ ಕ್ಯಾಮೆರಾ, ಶಾಟ್‌ಗಳ ನಡುವೆ ತೆರೆ ಒಮ್ಮೆ ಪೂರ್ತಿ ಕಪ್ಪಾಗಿ ಮತ್ತೆ ತೆರೆದುಕೊಳ್ಳುವ ಸಂಕಲನ, ರವಿ ಬಸ್ರೂರು ಅವರ ಸಂಗೀತ ಮೂರೂ ಹೊಂದಿಕೊಂಡವು. ಮೊದಲ ಭಾಗಕ್ಕೂ ಎರಡನೇ ಭಾಗಕ್ಕೂ ಸಾಹಸಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಬಂದವರು ಬೆಂಗಳೂರಿನ ಪೊಲೀಸ್ ಸ್ಟೇಷನ್ನಿಗೂ ಮಂಡ್ಯದ ಕಬ್ಬಿನ ಗದ್ದೆಗೂ ಅದೇ ಬೂದಿ ಬಣ್ಣ ಬಳಿದರೆ ಹೇಗೆ? ಮಂಡ್ಯ ಹಸಿರು ಸ್ವಾಮಿ.

2022ರ ‘ಕಾಂತಾರ’ ನಮಗೆ ಇಷ್ಟ ಆಗುವುದು ಇದೇ ಕಾರಣಕ್ಕೆ. ಕಂಬಳದ ಕೆಸರು, ರಾತ್ರಿಯ ದೊಂದಿ, ಮಳೆಗಾಡಿನ ಹಸಿರು, ಅಲ್ಲಿನ ಬೆಳಕು ಅಲ್ಲಿಯದ್ದೇ. ಮಧ್ಯದಲ್ಲಿ ಕಥೆ ಸ್ವಲ್ಪ ಎಳೆಯುತ್ತೆ, ಕೊನೆಯ ಇಪ್ಪತ್ತು ನಿಮಿಷ ಆ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತೆ.

ಅನಿಮೇಷನ್ ಅಂದ್ರೆ ಮಕ್ಕಳ ಸಿನಿಮಾ ತಾನೆ? ಆರು ವರ್ಷದ ಮಗೂನ ಕರ್ಕೊಂಡು ಹೋಗಬಹುದಾ?

ಪೋಸ್ಟರ್ ನೋಡಿ ಹೋಗಬೇಡಿ, ಸರ್ಟಿಫಿಕೇಟ್ ನೋಡಿ ಹೋಗಿ. ಮುಂಚಿನ ‘ಯು/ಎ’ ಒಂದೇ ವರ್ಗ 2024ರ ಕೊನೆಯಿಂದ ಮೂರು ಆಗಿದೆ: ಯುಎ 7+, ಯುಎ 13+, ಯುಎ 16+. ಇವು ಮೂರೂ ತಂದೆತಾಯಿಗೆ ಕೊಡುವ ಸೂಚನೆ. ಅದಕ್ಕಿಂತ ಚಿಕ್ಕ ಮಗುವನ್ನು ಜೊತೆಗೆ ಕರೆದುಕೊಂಡು ಹೋದರೆ ಬಾಗಿಲಲ್ಲಿ ತಡೆಯುವಂತಿಲ್ಲ, ಜವಾಬ್ದಾರಿ ನಿಮ್ಮದು. ‘ಎ’ ಹಾಗಲ್ಲ. 18 ತುಂಬದವರನ್ನು ಅಪ್ಪ ಅಮ್ಮ ಜೊತೆಗಿದ್ದರೂ ಬಿಡುವುದಿಲ್ಲ. ಟಿಕೆಟ್ ಬುಕ್ ಮಾಡಿ, ಬಾಗಿಲಲ್ಲಿ ಮಗುವಿನೊಂದಿಗೆ ನಿಂತು ವಾದ ಮಾಡಿ ಪ್ರಯೋಜನವಿಲ್ಲ.

ಆರು ವರ್ಷದ ಮಗುವಿಗೆ ಹೆದರಿಕೆಗಿಂತ ದೊಡ್ಡ ತೊಂದರೆ ಸದ್ದು ಮತ್ತು ಉದ್ದ. ಮಧ್ಯದ ಸೀಟು ಬೇಡ, ಸಾಲಿನ ತುದಿಯ ಎರಡು ಸೀಟು ತೆಗೆದುಕೊಳ್ಳಿ, ಮಧ್ಯದಲ್ಲಿ ಎದ್ದು ಹೊರಗೆ ಬರಲು ಸುಲಭ. ಆದರೆ ಗೋಡೆಯ ಸ್ಪೀಕರ್‌ಗೆ ಅಂಟಿಕೊಂಡ ತುದಿ ಅಲ್ಲ, ನಡುದಾರಿಯ ಕಡೆಯ ತುದಿ. ಮಕ್ಕಳ ಕಿವಿಗೆ ಹಾಕುವ ಇಯರ್‌ಮಫ್ ಸಿಗುತ್ತೆ, ಇಟ್ಟುಕೊಂಡಿರಿ. 3ಡಿ ಕನ್ನಡಕ ಚಿಕ್ಕ ಮೂಗಿನ ಮೇಲೆ ನಿಲ್ಲುವುದಿಲ್ಲ, ಜಾರಿದ ಕೂಡಲೇ ಚಿತ್ರ ಎರಡೆರಡಾಗಿ ಕಂಡು ಮಗು ಹಟ ಶುರು ಮಾಡುತ್ತೆ. 2ಡಿ ಶೋ ಇದ್ದರೆ ಅದಕ್ಕೇ ಹೋಗಿ.

ಅಜ್ಜಿಯನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಮನೆಯಲ್ಲಿ ನೋಡುವುದಾದರೆ ‘ಫ್ಲೋ’ ಹಾಕಿ. ಲಾಟ್ವಿಯಾದ ಸಿನಿಮಾ, ಒಂದು ಕರಿ ಬೆಕ್ಕಿನ ಕಥೆ, 85 ನಿಮಿಷ, ಒಂದೇ ಒಂದು ಮಾತಿಲ್ಲ. ಸಬ್‌ಟೈಟಲ್ ಓದುವ ರಗಳೆಯೇ ಇಲ್ಲ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿದ ಈ ಸಿನಿಮಾ 2025ರಲ್ಲಿ ಆಸ್ಕರ್ ಗೆದ್ದಿತು.

‘ಮಹಾವತಾರ್ ನರಸಿಂಹ’ ಹೇಗಿದೆ? ಅಷ್ಟೊಂದು ಹೊಗಳಿಕೆಗೆ ಅರ್ಹವಾ?

ಅರ್ಧ ಅರ್ಹ. 2025ರ ಜುಲೈ 25ಕ್ಕೆ ಬಿಡುಗಡೆಯಾದ ಇದರ ನಿರ್ದೇಶಕ ಅಶ್ವಿನ್ ಕುಮಾರ್, ಅರ್ಪಿಸಿದವರು ನಮ್ಮ ಹೊಂಬಾಳೆ ಫಿಲ್ಮ್ಸ್. ಕನ್ನಡದಲ್ಲೂ ಬಂತು. ವರಾಹ, ಹಿರಣ್ಯಾಕ್ಷರಿಂದ ಶುರುವಾಗಿ ಪ್ರಹ್ಲಾದನ ಕಥೆಗೆ ಬರುತ್ತೆ. ಮೊದಲರ್ಧದಲ್ಲಿ ಮುಖಗಳು ಬಿಗಿ. ತುಟಿ ಅಲುಗಾಡುತ್ತೆ, ಕೆನ್ನೆ ಮತ್ತು ಕಣ್ಣಿನ ಸುತ್ತಲಿನ ಚರ್ಮ ಅಲುಗಾಡುವುದಿಲ್ಲ, ಹಾಗಾಗಿ ಭಕ್ತಿಯ ದೃಶ್ಯದಲ್ಲೂ ವಿಡಿಯೊ ಗೇಮ್‌ನ ಪಾತ್ರ ಮಾತಾಡಿದ ಹಾಗೆ ಕಾಣುತ್ತೆ. ಕೊನೆಯಲ್ಲಿ ನರಸಿಂಹ ಬಂದ ಮೇಲೆ ಮಾತ್ರ ಲೆಕ್ಕ ಬದಲಾಗುತ್ತೆ. ಕೋಪಕ್ಕೆ ಸೂಕ್ಷ್ಮ ಮುಖಭಾವ ಬೇಡ, ಗಾತ್ರ, ಕೇಸರ, ಉಗುರು, ಬೆಂಕಿ ಸಾಕು. ಅವು ಈ ತಂಡಕ್ಕೆ ಚೆನ್ನಾಗಿ ಬರುತ್ತವೆ.

ಕನ್ನಡದವರಿಗೆ ಇದರಲ್ಲಿ ಒಂದು ಪೇಚು ಇದೆ. ಹಿರಣ್ಯಕಶಿಪು ಅಂದ ಕೂಡಲೇ 1983ರ ‘ಭಕ್ತ ಪ್ರಹ್ಲಾದ’ದ ರಾಜ್‌ಕುಮಾರ್ ಕಣ್ಮುಂದೆ ಬರುತ್ತಾರೆ, ಪ್ರಹ್ಲಾದ ಅಂದರೆ ಪುಟ್ಟ ಪುನೀತ್. ಅಣ್ಣಾವ್ರ ಹುಬ್ಬಿನ ಒಂದು ಕುಣಿತಕ್ಕೆ ಸಮನಾದದ್ದನ್ನು ಕಂಪ್ಯೂಟರ್ ಇನ್ನೂ ಮಾಡಿಲ್ಲ. ಹೋಲಿಸದೆ ನೋಡಿ ಅನ್ನುವುದು ನ್ಯಾಯ, ಆದರೆ ನಮ್ಮಿಂದಂತೂ ಆಗುವುದಿಲ್ಲ.

ಹೊಸ ಅನಿಮೇಷನ್ ಸಿನಿಮಾಗಳು ತಡೆ ತಡೆದು ಓಡ್ತವೆ. ಪ್ರೊಜೆಕ್ಟರ್ ಕೆಟ್ಟಿದೆಯಾ?

ಬಹುತೇಕ ಇಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಸೆಕೆಂಡಿಗೆ 24 ಫ್ರೇಮ್‌ಗೂ ಹೊಸ ಚಿತ್ರ ಇದ್ದರೆ ಚಲನೆ ಎಣ್ಣೆ ಹಾಕಿದಂತೆ ಜಾರುತ್ತೆ. ಒಂದೇ ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ, ಚಲನೆ ಗರಿಗರಿಯಾಗುತ್ತೆ. ಕೈಯಲ್ಲಿ ಬಿಡಿಸುವ ಕಾಲದಲ್ಲಿ ದುಡ್ಡು, ಸಮಯ ಉಳಿಸಲು ಹಾಗೆ ಮಾಡುತ್ತಿದ್ದರು. ಜಪಾನಿನವರು ಅದನ್ನೇ ಶೈಲಿ ಮಾಡಿಕೊಂಡರು. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಇದರಿಂದ ಕಥೆಯನ್ನೇ ಹೇಳಿತು. ಕಾಡಿನಲ್ಲಿ ಇಬ್ಬರು ಜೋತಾಡುತ್ತಾ ಹೋಗುವ ದೃಶ್ಯದಲ್ಲಿ ಪಳಗಿದ ಪೀಟರ್ 24ರಲ್ಲಿ ಚಲಿಸುತ್ತಾನೆ, ಇನ್ನೂ ಕಲಿಯುತ್ತಿರುವ ಮೈಲ್ಸ್ 12ರಲ್ಲಿ. ಒಂದೇ ಚೌಕಟ್ಟು, ಎರಡು ಲಯ. ಹುಡುಗ ತಡವರಿಸುತ್ತಿದ್ದಾನೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪ್ರೊಜೆಕ್ಟರ್ ತಪ್ಪೋ ಶೈಲಿಯೋ ಅಂತ ಪತ್ತೆ ಮಾಡುವುದು ಹೀಗೆ: ಪಾತ್ರ ತಡೆದರೂ ಹಿನ್ನೆಲೆ ನುಣ್ಣಗೆ ಸರಿಯುತ್ತಿದ್ದರೆ ಶೈಲಿ. ಹಿನ್ನೆಲೆ, ಪಾತ್ರ, ಕೊನೆಗೆ ಮೇಲಕ್ಕೆ ಹೋಗುವ ಹೆಸರುಗಳ ಸಾಲು ಎಲ್ಲವೂ ಒಟ್ಟಿಗೆ ಜರ್ಕ್ ಹೊಡೆದರೆ ಯಂತ್ರದ ತೊಂದರೆ. ಆಗ ಕೊನೆಯವರೆಗೆ ಕಾಯಬೇಡಿ, ಹೊರಗಿರುವ ಸಿಬ್ಬಂದಿಗೆ ಕೂಡಲೇ ಹೇಳಿ. ಇಂಟರ್ವಲ್‌ವರೆಗೂ ಸುಮ್ಮನಿದ್ದು ಆಮೇಲೆ ದೂರು ಕೊಟ್ಟರೆ ದುಡ್ಡು ವಾಪಸ್ ಕೇಳುವುದು ಕಷ್ಟ.

‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಸೀರೀಸ್ ನೋಡದೆ ಅರ್ಥ ಆಗುತ್ತಾ?

ಆಗುವುದಿಲ್ಲ. 63 ಕಂತುಗಳ ಜಪಾನಿ ಅನಿಮೇಷನ್ ಸೀರೀಸ್ ಮುಗಿದ ಕ್ಷಣದಿಂದಲೇ ಸಿನಿಮಾ ಶುರು, ಪರಿಚಯ, ಹಿಂದಿನ ಕಥೆ ಏನೂ ಇಲ್ಲ. ಮೇಲಾಗಿ ಇದು ಮೂರು ಸಿನಿಮಾಗಳಲ್ಲಿ ಮೊದಲನೆಯದು, ಅಂತ್ಯ ಇಲ್ಲಿ ಸಿಗುವುದಿಲ್ಲ. 63 ಕಂತಿಗೆ ಪುರುಸೊತ್ತಿಲ್ಲದಿದ್ದರೆ ಮೊದಲ ಸೀಸನ್ನಿನ 26 ಕಂತು, ಆಮೇಲೆ 2020ರ ‘ಮುಗೆನ್ ಟ್ರೈನ್’ ಸಿನಿಮಾ, ಕೊನೆಯ ಸೀಸನ್ನಿನ 8 ಕಂತು ನೋಡಿ ಹೋಗಿ. ನಡುವಿನದ್ದು ಬಿಟ್ಟರೂ ಮುಖ್ಯ ಮುಖಗಳ ಗುರುತು ಸಿಗುತ್ತೆ.

ಇದನ್ನು ಮಾಡಿದ ಯುಫೋಟೇಬಲ್ ಸ್ಟುಡಿಯೊದ ಕೆಲಸ ದೊಡ್ಡ ಪರದೆಯಲ್ಲೇ ನೋಡಬೇಕಾದ್ದು, ಅದರಲ್ಲಿ ಎರಡು ಮಾತಿಲ್ಲ. ಗೋಡೆ ನೆಲವಾಗಿ, ನೆಲ ಸೂರಾಗಿ ತಿರುಗುವ ಆ ಕೋಟೆಯಲ್ಲಿ ಕ್ಯಾಮೆರಾ ಬೀಳುತ್ತಾ ಹೋದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ತಕರಾರು ಬೇರೆ. ಕತ್ತಿ ಎತ್ತಿದ ಕೂಡಲೇ ಫ್ಲ್ಯಾಶ್‌ಬ್ಯಾಕ್, ಏಟು ಬೀಳುವ ಮುಂಚೆ ಇನ್ನೊಂದು ಫ್ಲ್ಯಾಶ್‌ಬ್ಯಾಕ್. ಪುಸ್ತಕದಲ್ಲಿ, ಟಿವಿಯಲ್ಲಿ ವಾರಕ್ಕೊಂದರಂತೆ ಬರುವಾಗ ಇದು ನಡೆಯುತ್ತೆ. 155 ನಿಮಿಷ ಒಟ್ಟಿಗೆ ಕೂತವನಿಗೆ ಕಾಳಗದ ಬಿಸಿ ಆರುತ್ತೆ.

ಕನ್ನಡ ಡಬ್ ನೋಡೋದಾ, ಮೂಲ ಭಾಷೆ ನೋಡೋದಾ?

ಅನಿಮೇಷನ್ ಆದರೆ ಕನ್ನಡ ಡಬ್‌ಗೆ ಮೊದಲ ಅವಕಾಶ ಕೊಡಿ. ಅಲ್ಲಿ ಮೂಲದಲ್ಲೂ ದನಿ ಬೇರೆಯವರದ್ದೇ, ತುಟಿಯ ಚಲನೆಯೂ ಸರಳ, ಹೊಂದಿಸುವುದು ಸುಲಭ. 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಭಾರತದಲ್ಲಿ ಬಂದ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ದಶಕಗಳ ಕಾಲ ಇಲ್ಲಿ ಡಬ್ಬಿಂಗ್ ಅನ್ನುವುದೇ ಇರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶಿಸಿದ ಮೇಲೆ, 2017ರಿಂದ ಡಬ್ ಸಿನಿಮಾಗಳು ಮತ್ತೆ ಥಿಯೇಟರಿಗೆ ಬರತೊಡಗಿದವು. ಹಾಗಾಗಿ ಇಲ್ಲಿನ ಡಬ್ಬಿಂಗ್ ಬರಹಗಾರರ ಅನುಭವ ತಮಿಳು, ತೆಲುಗಿನವರಷ್ಟು ಹಳೆಯದಲ್ಲ, ಅದು ಕೇಳಿಸುತ್ತೆ.

ಕೆಟ್ಟ ಡಬ್ ಗುರುತಿಸುವುದು ಹೇಗೆ? ಮೂರನೇ ಮಹಡಿಯಿಂದ ಬಿದ್ದವನ ಹತ್ತಿರ ಗೆಳೆಯ ಓಡಿ ಬಂದು “ನೀನು ಚೆನ್ನಾಗಿದ್ದೀಯಾ?” ಅಂತ ಕೇಳಿದರೆ, ಪದ ಪದಕ್ಕೆ ಅರ್ಥ ಬರೆದಿದ್ದಾರೆ ಅಂತ ಲೆಕ್ಕ. ನಮ್ಮಲ್ಲಿ ಯಾರಾದರೂ ಬಿದ್ದರೆ “ಏನೂ ಆಗ್ಲಿಲ್ಲ ತಾನೆ?” ಅಂತಾರೆ. ಚೆನ್ನಾಗಿದ್ದೀಯಾ ಅಂತ ಕೇಳುವುದು ಮದುವೆ ಮನೆಯಲ್ಲಿ. ಟ್ರೇಲರಿನ ಕನ್ನಡ ಆವೃತ್ತಿಯನ್ನು ಮೊದಲೇ ಕೇಳಿ, ಇಂಥ ಮಾತು ಎರಡು ಬಂದರೆ ಮೂಲ ಭಾಷೆಯ ಶೋ ಹಿಡಿಯಿರಿ.

ನಟರಿರುವ ಆಕ್ಷನ್ ಸಿನಿಮಾಕ್ಕೆ ನಮ್ಮ ಮತ ಮೂಲ ಭಾಷೆಗೆ. ಫೈಟ್‌ನ ಮಧ್ಯೆ ನಟ ಎಳೆಯುವ ಉಸಿರು, ಗೊಣಗಾಟ, ನರಳಾಟ ಡಬ್ಬಿಂಗ್‌ನಲ್ಲಿ ಮೊದಲು ಸಾಯುತ್ತೆ.

ಕನ್ನಡ ಶೋಗಳು ಕಡಿಮೆ, ಇದ್ದರೂ ಬೆಳಗಿನ ಹೊತ್ತು, ಊರ ಹೊರಗಿನ ಪರದೆಗಳಲ್ಲಿ. ಬುಕಿಂಗ್ ಆ್ಯಪ್‌ನಲ್ಲಿ ಸಿನಿಮಾದ ಹೆಸರು ಒತ್ತಿದ ಕೂಡಲೇ ಭಾಷೆ ಆರಿಸುವ ಪುಟ ಬರುತ್ತೆ, ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡಬೇಡಿ. ದುಡ್ಡು ಕಟ್ಟುವ ಮುಂಚೆ ಭಾಷೆ ಮತ್ತು 2ಡಿ, 3ಡಿ ಇನ್ನೊಮ್ಮೆ ನೋಡಿ.

ಬೆಂಗಳೂರಿನಲ್ಲಿ ಯಾವ ಥಿಯೇಟರ್? ಐಮ್ಯಾಕ್ಸ್‌ಗೆ ದುಡ್ಡು ಹಾಕಬೇಕಾ?

ಸಿನಿಮಾ ನೋಡಿ ಹೇಳಬೇಕು. ಕೋರಮಂಗಲದ ನೆಕ್ಸಸ್ ಮಾಲ್, ಬನ್ನೇರುಘಟ್ಟ ರಸ್ತೆಯ ವೇಗಾ ಸಿಟಿಯಂಥ ಕಡೆ ಐಮ್ಯಾಕ್ಸ್ ಇದೆ. ಅದರ ಪರದೆಯ ಅಗಲ-ಎತ್ತರದ ಪ್ರಮಾಣ 1.90ಕ್ಕೆ 1. ಬಹಳಷ್ಟು ಆಕ್ಷನ್ ಸಿನಿಮಾಗಳದ್ದು 2.39ಕ್ಕೆ 1, ಅಂದರೆ ಉದ್ದನೆಯ ಪಟ್ಟಿ. ಐಮ್ಯಾಕ್ಸ್‌ಗಾಗಿಯೇ ಚೌಕಟ್ಟು ಹಿಗ್ಗಿಸಿದ ಸಿನಿಮಾಗಳಲ್ಲಿ ಶೇ 26ರಷ್ಟು ಹೆಚ್ಚು ಚಿತ್ರ ಸಿಗುತ್ತೆ. ಹಿಗ್ಗಿಸದ ಸಿನಿಮಾಕ್ಕೆ ಹೋದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ನೋಡಿಕೊಂಡು ಬರುತ್ತೀರಿ, ಜಾಸ್ತಿ ಕೊಟ್ಟದ್ದು ಸದ್ದಿಗೆ ಮತ್ತು ಪರದೆಯ ಗಾತ್ರಕ್ಕೆ ಮಾತ್ರ. ಬಿಡುಗಡೆಗೆ ಮುಂಚೆ ‘ಹಿಗ್ಗಿಸಿದ ಚೌಕಟ್ಟು’ ಇದೆಯೇ ಅಂತ ಜಾಹೀರಾತಿನಲ್ಲೇ ಹೇಳಿರುತ್ತಾರೆ. ಹೇಳಿಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ.

ಕನ್ನಡ, ತಮಿಳು, ತೆಲುಗು ಮಾಸ್ ಸಿನಿಮಾಕ್ಕೆ ನಮ್ಮ ಮತ ಸಿಂಗಲ್ ಸ್ಕ್ರೀನ್‌ಗೆ. ಲಾಲ್‌ಬಾಗ್ ರಸ್ತೆಯ ಊರ್ವಶಿ, ಮಾಗಡಿ ರಸ್ತೆಯ ವೀರೇಶ್‌ನಲ್ಲಿ ಸುತ್ತಲಿಂದಲೂ ಮೇಲಿಂದಲೂ ಸದ್ದು ಬರುವ ಡಾಲ್ಬಿ ಅಟ್ಮಾಸ್ ಇದೆ, ಪರದೆ ದೊಡ್ಡದು, ಶಿಳ್ಳೆ ಉಚಿತ. ಎಂ.ಜಿ. ರಸ್ತೆಯ ಶಂಕರ್‌ನಾಗ್ ಥಿಯೇಟರ್ 2019ರಲ್ಲಿ ಪ್ರೊಜೆಕ್ಟರ್ ಬಿಟ್ಟು ಎಲ್‌ಇಡಿ ಪರದೆಗೆ ಬದಲಾಯಿತು. ಅಲ್ಲಿ ಕಪ್ಪು ನಿಜವಾಗಿಯೂ ಕಪ್ಪು, ಯಾಕೆಂದರೆ ಕಪ್ಪು ಬೇಕಾದ ಕಡೆ ದೀಪವೇ ಆರಿರುತ್ತೆ. ರಾತ್ರಿ ದೃಶ್ಯ ತುಂಬಿರುವ ಅನಿಮೇಷನ್‌ಗೆ ಎಲ್‌ಇಡಿ ಪರದೆ ಹೇಳಿ ಮಾಡಿಸಿದ್ದು.

ಸೀಟು: ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗದಷ್ಟು ದೂರ, ನಡುಮಧ್ಯ. ಸದ್ದು ಹೊಂದಿಸುವ ತಂತ್ರಜ್ಞರು ಮೈಕ್ ಇಡುವುದು ಹೆಚ್ಚುಕಡಿಮೆ ಆ ಜಾಗದಲ್ಲೇ. ಕೆಲವು ಕಡೆ ‘ಎ’ ಸಾಲು ಪರದೆಯ ಹತ್ತಿರ, ಕೆಲವು ಕಡೆ ಕಟ್ಟಕಡೆಗೆ, ಆದ್ದರಿಂದ ಅಕ್ಷರ ನಂಬಬೇಡಿ, ನಕ್ಷೆಯಲ್ಲಿ ‘ಸ್ಕ್ರೀನ್ ಈ ಕಡೆ’ ಅನ್ನುವ ಗುರುತು ನೋಡಿ. ಗಾಂಧಿ ಕ್ಲಾಸ್‌ನಲ್ಲಿ ಕೂತು ವೇಗದ ಸಂಕಲನದ ಫೈಟ್ ನೋಡಿದರೆ ಕತ್ತು, ತಲೆ ಎರಡೂ ಹಿಡಿಯುತ್ತೆ.

3ಡಿಗೆ ಹೋಗಬೇಕಾ?

ನಟರಿರುವ ಸಿನಿಮಾಕ್ಕೆ ಬೇಡ. ಸಾಮಾನ್ಯ 2ಡಿ ಪರದೆಗೆ ಬೇಕಾದ ಬೆಳಕಿನ ಮಟ್ಟ 14 ಫುಟ್-ಲ್ಯಾಂಬರ್ಟ್. 3ಡಿ ಶೋನಲ್ಲಿ ಕನ್ನಡಕ ಹಾಕಿದ ಮೇಲೆ ಕಣ್ಣಿಗೆ ಸಿಗುವುದು ನಾಲ್ಕೈದು ಅಷ್ಟೇ. ಮಸಿ ಬಣ್ಣದ ಸಿನಿಮಾವನ್ನು 3ಡಿಯಲ್ಲಿ ನೋಡುವುದು ಕರೆಂಟ್ ಹೋದಾಗ ಬೀರುವಿನಲ್ಲಿ ಕರಿ ಅಂಗಿ ಹುಡುಕಿದ ಹಾಗೆ. ಅನಿಮೇಷನ್‌ನಲ್ಲಿ ಕಂಪ್ಯೂಟರಿನೊಳಗೆ ಆಳ ಮೊದಲೇ ಇರುವುದರಿಂದ 3ಡಿ ನಿಜವಾದದ್ದು, ಬಣ್ಣವೂ ಉಜ್ವಲ, ಅಲ್ಲಿ ಹೋಗಬಹುದು. ಕನ್ನಡಕದ ಮೇಲಿನ ಎಣ್ಣೆ ಬೆರಳಚ್ಚನ್ನು ದೀಪ ಆರುವ ಮುಂಚೆ ಮೆತ್ತನೆ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಟಿಕೆಟ್ 200 ರೂಪಾಯಿ ಮಾತ್ರ ಅಂತ ಸರ್ಕಾರ ಹೇಳಿತ್ತಲ್ಲ?

ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ತಂದರು, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಜಿಎಸ್‌ಟಿ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದರ ಮೇಲಿನದಕ್ಕೆ ಶೇ 18. ಹಾಗಾಗಿ 200ರ ಟಿಕೆಟ್ ಕೈಗೆ ಬರುವಾಗ 236. ಆ್ಯಪ್‌ನ ಶುಲ್ಕ ಇದರ ಮೇಲೆ. ಸಿಂಗಲ್ ಸ್ಕ್ರೀನ್‌ನಲ್ಲಿ ಕೌಂಟರ್ ತೆರೆದಿದ್ದರೆ ಆ ಶುಲ್ಕ ಉಳಿಯುತ್ತೆ.

ಬೆಂಗಳೂರಲ್ಲೇ ನಡೆಯೋ ಸೂಪರ್‌ಹೀರೋ ಸಿನಿಮಾ ಇದೆಯಂತೆ?

2025ರ ಆಗಸ್ಟ್‌ನ ಮಲಯಾಳಂ ಸಿನಿಮಾ ‘ಲೋಕಾಃ ಚಾಪ್ಟರ್ 1: ಚಂದ್ರ’. ನಮ್ಮೂರ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ಆಕ್ಷೇಪ ಬಂದು, ನಿರ್ಮಾಪಕರು ಕ್ಷಮೆ ಕೇಳಿ ಬದಲಿಸಿದರು. ಅದನ್ನು ಬದಿಗಿಟ್ಟರೆ ಯಕ್ಷಿಯ ಕಥೆಯನ್ನು ಬಾಡಿಗೆ ಫ್ಲ್ಯಾಟ್‌ಗೆ ತಂದ ಬಗೆ ಚೆಂದ, ಫೈಟ್ ಚೊಕ್ಕ. ನಮ್ಮ ಊರನ್ನು ನಮಗಿಂತ ಮುಂಚೆ ಪಕ್ಕದವರು ಹೀಗೆ ಬಳಸಿಕೊಂಡರಲ್ಲ ಅಂತ ಸಣ್ಣ ಹೊಟ್ಟೆಕಿಚ್ಚು ಉಂಟು.

ಗ್ರಾಫಿಕ್ಸ್ ಕೆಟ್ಟದಾಗಿದೆ ಅಂತ ಎಲ್ಲರೂ ಹೇಳ್ತಾರೆ. ನೋಡಬೇಕಾದ್ದು ಏನು?

ಪಾದ. ಮುಖ ನೋಡಬೇಡಿ, ಪಾದ ನೆಲಕ್ಕೆ ತಾಗುವ ಜಾಗ ನೋಡಿ. ಹೆಜ್ಜೆ ಇಟ್ಟ ಮೇಲೂ ಪಾದ ಚೂರು ಜಾರಿದರೆ, ಅಡಿಯಲ್ಲಿ ತೆಳು ಕಪ್ಪು ನೆರಳು ಇಲ್ಲದಿದ್ದರೆ ಹುಲಿಯೋ ಚಿರತೆಯೋ ತೇಲಿದ ಹಾಗೆ ಕಾಣುತ್ತೆ. ಆಮೇಲೆ ಬೆಳಕು: ನಟನ ಮೂಗಿನ ನೆರಳು ಬಲಕ್ಕೆ, ಹಿಂದಿನ ಬೆಟ್ಟದ ನೆರಳು ಎಡಕ್ಕೆ ಇದ್ದರೆ ಎರಡನ್ನೂ ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿದ್ದಾರೆ.

ಕಲಾವಿದರನ್ನು ಬೈಯುವ ಮುಂಚೆ ಒಂದು ಮಾತು. 2016ರ ‘ದ ಜಂಗಲ್ ಬುಕ್’ಗೆ ಗ್ರಾಫಿಕ್ಸ್‌ನ ಆಸ್ಕರ್ ಬಂತು, ಅದರ ಕೆಲಸದಲ್ಲಿ ಎಂಪಿಸಿ ಸ್ಟುಡಿಯೊದ ಬೆಂಗಳೂರು ಶಾಖೆಯವರ ಪಾಲೂ ಇತ್ತು. ಕೈ ಅದೇ, ಊರು ಅದೇ. ಬೇರೆ ಇರುವುದು ಕೊಟ್ಟ ಸಮಯ. ಬಿಡುಗಡೆ ದಿನ ಮೊದಲು ಘೋಷಿಸಿ ಶಾಟ್‌ಗಳನ್ನು ಆಮೇಲೆ ಕಳಿಸಿದರೆ ಹುಲಿ ತೇಲುತ್ತೆ.

ಮನೆಯ ಟಿವಿಯಲ್ಲಿ ದೊಡ್ಡ ಸಿನಿಮಾ ಕೂಡ ಧಾರಾವಾಹಿ ಥರ ಕಾಣುತ್ತೆ. ಏನು ಮಾಡೋದು?

ಟಿವಿ ತಾನೇ ನಡುವೆ ಫ್ರೇಮ್ ಹುಟ್ಟಿಸಿ ಸೇರಿಸುತ್ತಿದೆ. ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’ ಅಂತ ಇರುತ್ತೆ. ಸೆಟ್ಟಿಂಗ್ಸ್‌ನ ಚಿತ್ರ ವಿಭಾಗಕ್ಕೆ ಹೋಗಿ ಅದನ್ನು ಪೂರ್ತಿ ಆಫ್ ಮಾಡಿ. 12 ಚಿತ್ರದ ಅನಿಮೇಷನ್‌ಗಂತೂ ಇದು ವಿಷ, ಪಾತ್ರದ ಅಂಚಿನ ಗೆರೆಗಳೇ ಹರಿದು ಅಲುಗಾಡುತ್ತವೆ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಹಾಕಿ, ಎಲ್ಲವೂ ಒಟ್ಟಿಗೆ ಸರಿಹೋಗುತ್ತೆ. ಮೊದಲ ಹತ್ತು ನಿಮಿಷ ಬಣ್ಣ ಹಳದಿ ಅನಿಸುತ್ತೆ, ಕಣ್ಣು ಹೊಂದಿಕೊಳ್ಳುತ್ತೆ. ರಾತ್ರಿ ದೃಶ್ಯ ಕಾಣದಿದ್ದರೆ ಬ್ರೈಟ್‌ನೆಸ್ ಏರಿಸಬೇಡಿ, ಕರೆಂಟ್ ಉಳಿಸುವ ಆಯ್ಕೆಯನ್ನು ಆಫ್ ಮಾಡಿ, ಬಹಳ ಸಲ ಕಳ್ಳ ಅಲ್ಲೇ ಇರುತ್ತಾನೆ.

ಮಾತು ಕೇಳಿಸುವುದಿಲ್ಲ, ಬಾಂಬ್ ಮಾತ್ರ ಕಿವಿ ಹರಿಯುತ್ತೆ ಅನ್ನುವವರು ಓಟಿಟಿ ಆ್ಯಪ್‌ನ ಆಡಿಯೊದಲ್ಲಿ 5.1 (ಆರು ಸ್ಪೀಕರ್‌ಗೆ ಹಂಚಿದ ಸದ್ದು) ಬಿಟ್ಟು ಸ್ಟೀರಿಯೊ (ಎರಡು ಸ್ಪೀಕರ್‌ನದ್ದು) ಆರಿಸಿ. 5.1ರಲ್ಲಿ ಮಾತು ಬರುವುದು ನಡುವಿನ ಸ್ಪೀಕರ್‌ನಿಂದ, ನಿಮ್ಮ ಟಿವಿಗೆ ಅದು ಇಲ್ಲ. ಸೌಂಡ್‌ಬಾರ್ ಇದ್ದರೆ ‘ನೈಟ್ ಮೋಡ್’ ಹಾಕಿ. ಸಬ್‌ವೂಫರ್ ಅನ್ನು ನೆಲದ ಮೇಲೆ ನೇರವಾಗಿ ಇಡದೆ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ಕೆಳಗಿನ ಫ್ಲ್ಯಾಟ್‌ನವರ ಜೊತೆ ಸಂಬಂಧ ಉಳಿಯುತ್ತೆ. 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಅಷ್ಟು ಇದ್ದೂ ಧೂಳಿನ ದೃಶ್ಯದಲ್ಲಿ ಚೌಕ ಚೌಕ ಕಂಡರೆ ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಎರಡೂವರೆ ಗಂಟೆ ಸಿನಿಮಾ, ವಾರದ ದಿನ. ಮೆಟ್ರೊ ಸಿಗೋ ಹಾಗೆ ಯಾವ ಶೋ ಹಿಡಿಯಬೇಕು?

155 ನಿಮಿಷದ ಸಿನಿಮಾಕ್ಕೆ ಮಲ್ಟಿಪ್ಲೆಕ್ಸ್‌ನಲ್ಲಿ ಜಾಹೀರಾತಿಗೆ 20, ಇಂಟರ್ವಲ್‌ಗೆ 15 ಸೇರಿಸಿ, ಒಟ್ಟು 3 ಗಂಟೆ 10 ನಿಮಿಷ. ಕೊನೆಯ ರೈಲುಗಳು ಹೊರಡುವುದು ರಾತ್ರಿ 11ರ ಆಸುಪಾಸಿಗೆ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವವರಿಗೆ ಇನ್ನಷ್ಟು ಸಮಯ ಬೇಕು. 7ರ ಒಳಗೆ ಶುರುವಾಗುವ ಶೋ ಹಿಡಿದರೆ ಹೆಸರುಗಳು ಮುಗಿಯುವವರೆಗೂ ಕೂರಬಹುದು. 7.45ರದ್ದಾದರೆ ಕ್ಲೈಮ್ಯಾಕ್ಸ್ ಫೈಟ್ ನಡೆಯುವಾಗಲೇ ಗಡಿಯಾರ ನೋಡಬೇಕಾಗುತ್ತೆ, ಇಲ್ಲವೇ ಆಟೊದವರು ಹೇಳಿದ್ದೇ ರೇಟು.